ಹಗಲು ಮಲಗುವ ಬೆಟ್ಟ

ಕುಷಾಯಿಗೂಡ

ಹೈದರಾಬಾದಿನ ನಮ್ಮ ಓಣಿಯಲ್ಲಿ ಪರದೇಶಕ್ಕೆ ಹೋಗಿ ಬಂದವರಿಗೆ ಕೊರತೆಯಿಲ್ಲ. ಬಂದವರು ಅಲ್ಲಿಯ ಕಟ್ಟಡ ಎಷ್ಟು ಎತ್ತರ, ರಸ್ತೆ ಎಷ್ಟು ನುಣುಪು ಎಂದು ವಾರಗಟ್ಟಲೆ ಹೇಳುತ್ತಾರೆ. ನನ್ನ ಹತ್ತಿರ ಅಂಥ ಸುದ್ದಿ ಏನೂ ಇಲ್ಲ. ನಾನು ಜಾರ್ಜಿಯಾ ಎಂಬ ದೇಶಕ್ಕೆ ಹೋಗಿ, ಅಲ್ಲೊಂದು ಬೆಟ್ಟದ ತುದಿಯಲ್ಲಿ ಹೆಚ್ಚುಕಡಿಮೆ ಬಾಯಿ ಮುಚ್ಚಿಕೊಂಡು ಕೂತು ಬಂದೆ. ನನ್ನನ್ನು ಬಲ್ಲವರಿಗೆ ಇದನ್ನು ನಂಬಿಸುವುದೇ ಕಷ್ಟವಾಗಿದೆ.

ಆ ಬೆಟ್ಟದ ಮೇಲೆ ಅಲ್ಲಿಯ ವಿಶ್ವವಿದ್ಯಾಲಯವೊಂದು ನಡೆಸುವ ಖಗೋಳ ವೀಕ್ಷಣಾಲಯವಿದೆ. ನಕ್ಷತ್ರ ನೋಡುವ ದೊಡ್ಡ ದುರ್ಬೀನು, ಅದರ ಮೇಲೊಂದು ಬಿಳಿ ಗುಮ್ಮಟ. ನನ್ನ ಯಜಮಾನರು ಶಿವಶರಣಪ್ಪನವರು ಕಳೆದ ಮಳೆಗಾಲದಿಂದ ಅಲ್ಲಿ ಕೆಲಸಕ್ಕಿದ್ದಾರೆ. ಅವರು ಇಲ್ಲಿಯ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ, ದೊಡ್ಡ ಆಂಟೆನಾಗಳನ್ನು ತಿರುಗಿಸುವ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಭೂಮಿ ತಿರುಗುವುದರಿಂದ ನಕ್ಷತ್ರ ಜಾರಿಕೊಂಡು ಹೋಗುತ್ತದಂತೆ, ದುರ್ಬೀನು ಅದರ ಬೆನ್ನು ಬಿಡದೆ ನಿಧಾನಕ್ಕೆ ತಿರುಗುತ್ತಿರಬೇಕಂತೆ. ಆ ತಿರುಗಿಸುವ ಯಂತ್ರ ಹಳೆಯದಾಗಿ ಹಟ ಹಿಡಿದಿತ್ತು. ಹಳೆಯ ಸಹೋದ್ಯೋಗಿಯೊಬ್ಬರು ಹೆಸರು ಸೂಚಿಸಿದರು, ಅಲ್ಲಿಯವರು ಕರೆದರು, ಇವರು ಸ್ವೆಟರು ಕಟ್ಟಿಕೊಂಡು ಹೊರಟೇಬಿಟ್ಟರು.

ಹೊರಡಲು ಕಾರಣ ಬರೀ ದುರ್ಬೀನಲ್ಲ ಎಂಬುದು ನನಗೆ ಗೊತ್ತು. ನಾನು ನಮ್ಮ ಹಿತ್ತಲಿನ ಶೆಡ್ಡಿನಲ್ಲಿ ಜೋಳದ ರೊಟ್ಟಿ ಮಾಡಿಸಿ ಕಾಚಿಗೂಡದ ಖಾನಾವಳಿಗಳಿಗೆ ಕಳಿಸುತ್ತೇನೆ. ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಮನೆಗಳ ಹೆಂಗಸರು ಬಂದು ರೊಟ್ಟಿ ಬಡಿಯುತ್ತಾರೆ. ಮುಂಜಾನೆಯಿಂದ ಪಟಪಟ ಸದ್ದು, ಅದರ ಮೇಲೆ ಅವರ ಮಾತು, ಅದರ ಮೇಲೆ ನನ್ನ ಮಾತು. ನಿವೃತ್ತಿಯಾದ ಮೇಲೆ ಇವರು ಕುರ್ಚಿ ಹಾಕಿಕೊಂಡು ನಮ್ಮನ್ನು ನೋಡುತ್ತ ಕೂತರು. ಕೆಲವು ದಿನ ಕಳೆದು, ರೊಟ್ಟಿಯನ್ನು ತಾನೇ ಬಡಿಯುವ ಯಂತ್ರವೊಂದನ್ನು ತಯಾರಿಸಿ ತಂದಿಟ್ಟರು. ಅದರಿಂದ ಹೊರಬಿದ್ದದ್ದು ರೊಟ್ಟಿಯೂ ಅಲ್ಲ, ಹಪ್ಪಳವೂ ಅಲ್ಲ. ನಮ್ಮಲ್ಲಿ ಎಲ್ಲರಿಗಿಂತ ಹಳಬಳಾದ ಶಾಂತಮ್ಮ ಅದನ್ನು ಮುಖದ ಮುಂದೆ ಎತ್ತಿ ಹಿಡಿದು, "ಸಾಹೇಬ್ರ, ಇದರಾಗಿಂದ ಆ ಕಡಿ ಮಂದಿ ಕಾಣಾಕತ್ತಾರ್ರಿ," ಎಂದಳು. ಎಲ್ಲರೂ ನಕ್ಕರು, ಇವರೂ ನಕ್ಕರು. ಮರುದಿನ ಯಂತ್ರ ಅಟ್ಟ ಸೇರಿತು, ಇವರು ಟಿ.ವಿ. ಮುಂದೆ ಸೇರಿದರು. ನಮಗೆ ಮಕ್ಕಳಿಲ್ಲ. ನಾನು ಶೆಡ್ಡಿನಲ್ಲಿದ್ದರೆ ಮನೆಯೊಳಗೆ ಇವರನ್ನು ಮಾತಾಡಿಸಲು ಇನ್ನೊಬ್ಬರಿರಲಿಲ್ಲ.

ಈಗ ಬೆಟ್ಟದವರು ಇನ್ನೆರಡು ವರ್ಷ ಇರಿ ಎಂದು ಕೇಳಿದ್ದಾರೆ. "ನೀ ಬಂದು ಇರ್ತೀನಿ ಅಂದ್ರ ನಾ ಇರ್ತೀನಿ. ಇಲ್ಲಾಂದ್ರ ನಾನೂ ಊರಿಗೆ ಬಂದುಬಿಡ್ತೀನಿ. ಒಮ್ಮೆ ಬಂದು ನೋಡು," ಎಂದು ಫೋನಿನಲ್ಲಿ ಹೇಳಿದರು. ಅಷ್ಟೇ ಪ್ರಶ್ನೆ. ನಾನು ಹೂಂ ಅಂದರೆ ಹೈದರಾಬಾದು ಬಿಡಬೇಕು, ಉಹೂಂ ಅಂದರೆ ಇವರು ಮತ್ತೆ ಟಿ.ವಿ. ಮುಂದೆ. ನಾಂಪಲ್ಲಿಯ ನುಮಾಯಿಷ್ ವಸ್ತುಪ್ರದರ್ಶನದಲ್ಲಿ ಕಾಶ್ಮೀರದವನೊಬ್ಬನ ಹತ್ತಿರ ದಪ್ಪ ಶಾಲು ಕೊಂಡೆ, ಶೆಡ್ಡನ್ನು ಶಾಂತಮ್ಮನಿಗೆ ಒಪ್ಪಿಸಿದೆ, ಪೆಟ್ಟಿಗೆಯಲ್ಲಿ ಜೋಳದ ಹಿಟ್ಟು ತುಂಬಿಕೊಂಡೆ, ಹೊರಟೆ.

ಟಿಬಿಲಿಸಿಯ ವಿಮಾನ ನಿಲ್ದಾಣ

ಆ ದೇಶದ ರಾಜಧಾನಿಯಲ್ಲಿ ಇಳಿದಾಗ ಮೊದಲ ಅಡ್ಡಿ ಹಿಟ್ಟಿನಿಂದಲೇ ಬಂತು. ಪೆಟ್ಟಿಗೆ ತೆರೆಸಿದ ಅಧಿಕಾರಿ ಪುಡಿಯ ಪೊಟ್ಟಣಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟ. ಹಿಟ್ಟನ್ನು ನೋಡಿದ, ನನ್ನ ಹಣೆಯ ವಿಭೂತಿ ನೋಡಿದ, ಎರಡೂ ಒಂದೇ ಸಾಮಾನು ಅನಿಸಿತೋ ಏನೋ, ಮತ್ತೆ ಹಿಟ್ಟು ನೋಡಿದ. ನನ್ನ ಇಂಗ್ಲಿಷು ಬ್ಯಾಂಕಿಗೆ ಹೋಗಿ ಬರುವಷ್ಟರದ್ದು, ಅದರಲ್ಲಿ ಜೋಳಕ್ಕೆ ಹೆಸರಿಲ್ಲ. ಕಡೆಗೆ ಅವನ ಮೇಜಿನ ಮೇಲೆಯೇ ಬರಿಗೈಯಲ್ಲಿ ರೊಟ್ಟಿ ಬಡಿದು ತೋರಿಸಿದೆ. ಸಾಲಿನಲ್ಲಿ ನನ್ನ ಹಿಂದಿದ್ದ ಹೆಂಗಸು ಹೆದರಿ ದೂರ ಸರಿದಳು. ಅವನು ಮಾತ್ರ ಕಣ್ಣರಳಿಸಿ "ಪುರಿ?" ಎಂದು ಕೇಳಿದ. ಪೂರಿ ಅಲ್ಲಪ್ಪಾ, ರೊಟ್ಟಿ ಅಂತ ನಾನು. ಪುರಿ ಅಂತ ಅವನು. ಅವರ ಕಡೆ ಬ್ರೆಡ್ಡಿಗೆ ಹಾಗೆನ್ನುತ್ತಾರೆಂದು ನನಗೆ ಆಮೇಲೆ ತಿಳಿಯಿತು. ಹೇಗೋ ಬಿಟ್ಟನಲ್ಲ ಎಂದು ಪೆಟ್ಟಿಗೆ ಮುಚ್ಚಿಕೊಂಡು ಹೊರಬಂದೆ.

ಹೊರಗೆ ಇವರು ನಿಂತಿದ್ದರು. ದಪ್ಪ ಕೋಟು, ತಲೆಗೆ ಉಣ್ಣೆಯ ಟೋಪಿ, ಕಣ್ಣ ಕೆಳಗೆ ಕಪ್ಪು. ನಾನು ಮೊದಲು ಇವರನ್ನು ದಾಟಿ ಹೋಗಿಬಿಟ್ಟೆ.

"ಆರಾಮ ಬಂದೀಯಲ್ಲ?" ಎಂದರು.

"ಹೂಂ ರೀ. ನೀವು ಭಾಳ ಸೊರಗೀರಿ."

"ಇಲ್ಲಿ ಎಲ್ಲಾರೂ ಹಿಂಗ ಇರ್ತಾರ," ಎಂದು ಕಾರು ಹತ್ತಿದರು, ಹತ್ತಿದವರೇ ಕಿಟಕಿಗೆ ತಲೆಯಾನಿಸಿ ನಿದ್ದೆಹೋದರು. ರಾತ್ರಿಯೆಲ್ಲ ಕೆಲಸ ಮಾಡಿ ನನ್ನನ್ನು ಕರೆಯಲು ಬಂದಿದ್ದರು ಪಾಪ. ಇವರಿಗೆ ಅದು ನಡುರಾತ್ರಿಯ ಲೆಕ್ಕ. ತಿಂಗಳುಗಟ್ಟಲೆ ಆಡದೆ ಉಳಿದ ಮಾತು ನನ್ನ ಹೊಟ್ಟೆಯಲ್ಲಿ ತುಂಬಿತ್ತು, ಪಕ್ಕದಲ್ಲಿ ಗೊರಕೆ. ಚಾಲಕನಿಗೂ ನನಗೂ ಒಂದು ಪದವೂ ಹೊಂದದು. ದಾರಿಬದಿಯ ಅಂಗಡಿಯೊಂದರಲ್ಲಿ ಬಗೆಬಗೆಯ ಕಂದು ಬಣ್ಣದ ಮೇಣದ ಬತ್ತಿಗಳನ್ನು ತೂಗುಹಾಕಿದ್ದರು. ಅವನು ಕಾರು ನಿಲ್ಲಿಸಿ ಒಂದನ್ನು ಕೊಂಡು ನನಗೆ ಕೊಟ್ಟ. ಮನೆಗೆ ಬಂದ ಹೆಣ್ಣುಮಗಳಿಗೆ ದೀಪಕ್ಕೆಂದು ಕೊಡುತ್ತಿದ್ದಾನೆ, ಎಷ್ಟು ಒಳ್ಳೆಯ ಪದ್ಧತಿ ಎಂದುಕೊಂಡು ಕೈಚೀಲದಲ್ಲಿಟ್ಟುಕೊಂಡೆ.

ಬೆಟ್ಟದ ತುದಿ

ತುದಿ ಹತ್ತಿರವಾಗುವಾಗ ಹೊತ್ತು ಮುಳುಗಿತು. ಚಾಲಕ ಕಾರಿನ ದೊಡ್ಡ ದೀಪ ಆರಿಸಿ, ಹಳದಿಯ ಚಿಕ್ಕ ದೀಪದಲ್ಲಿ ತೆವಳತೊಡಗಿದ. ಒಂದು ಬದಿಗೆ ಹಿಮ, ಇನ್ನೊಂದು ಬದಿಗೆ ಏನೂ ಇಲ್ಲ. ನಾನು ಇವರನ್ನು ಅಲುಗಾಡಿಸಿ ಎಬ್ಬಿಸಿದೆ. "ಬೆಳಕು ಬಿದ್ರ ದುರ್ಬೀನಿಗೆ ತೊಂದ್ರಿ," ಎಂದು ಹೇಳಿ ಆಕಳಿಸಿದರು. ನಮ್ಮ ಜೀವ ಕಂದಕಕ್ಕೆ ಬಿದ್ದರೂ ಅಡ್ಡಿಯಿಲ್ಲ, ದುರ್ಬೀನಿನ ಕಣ್ಣಿಗೆ ಬೆಳಕು ಬೀಳಬಾರದು ಎಂಬುದು ಆ ಬೆಟ್ಟದ ಮೊದಲ ನಿಯಮ.

ಕೆಲಸದವರೆಲ್ಲ ಇರುವುದು ಗುಮ್ಮಟದ ಪಕ್ಕದ ಹಳೆಯ ಮರದ ಮನೆಯಲ್ಲಿ. ಅದನ್ನು ನೋಡಿಕೊಳ್ಳುವ ಹೆಂಗಸಿನ ಹೆಸರು ಲಾಲಿ. ನನ್ನ ವಯಸ್ಸಿನವಳು, ಗಟ್ಟಿಮುಟ್ಟು, ಕೈ ನನ್ನ ಹಾಗೆಯೇ ಒರಟು. ನಾನು ಅಭ್ಯಾಸದಂತೆ ಹೊಸ್ತಿಲ ಹೊರಗೆ ಬೂಟು ಕಳಚಿ ಬರಿಗಾಲಲ್ಲಿ ಒಳಗೆ ಹೋದೆ. ಲಾಲಿ ಎದೆಯ ಮೇಲೆ ಕೈಯಿಟ್ಟುಕೊಂಡು ಓಡಿಬಂದು, ಬಗ್ಗಿ, ನನ್ನ ಕಾಲಿಗೆ ಉಣ್ಣೆಯ ಚಪ್ಪಲಿ ತೊಡಿಸಿದಳು. ನಮ್ಮಲ್ಲಿ ಚಪ್ಪಲಿ ಬಿಟ್ಟರೆ ಮನೆಗೆ ಮರ್ಯಾದೆ, ಅಲ್ಲಿ ಒಂದು ಬಿಟ್ಟು ಇನ್ನೊಂದು ಹಾಕಿಕೊಂಡರೆ ಮರ್ಯಾದೆ. ತಣ್ಣನೆ ನೆಲಕ್ಕೆ ಹೆಂಗಸಿನ ಅಂಗಾಲು ತಾಗಿದರೆ ಸಕಲ ರೋಗವೂ ಒಳಗೆ ಬರುತ್ತದೆಂದು ಅವಳ ನಂಬಿಕೆ. ಮುಂದೆ ನಾನು ಅಲ್ಲಿರುವಷ್ಟು ದಿನವೂ ಅವಳು ಮಾತಿಗೆ ಮೊದಲು ನನ್ನ ಕಾಲು ನೋಡುತ್ತಿದ್ದಳು.

ಕೋಣೆ ಸೇರಿದ ಮೇಲೆ, ಬಂದ ಮೊದಲ ಸಂಜೆ ದೀಪ ಹಚ್ಚದೆ ಇರಬಾರದೆಂದು ಚಾಲಕ ಕೊಟ್ಟ ಬತ್ತಿಯನ್ನು ಕಿಟಕಿಯಲ್ಲಿಟ್ಟು ಕಡ್ಡಿ ಗೀರಿದೆ. ಎಷ್ಟು ಗೀರಿದರೂ ಅದು ಹತ್ತದು, ಸುಟ್ಟ ಬೆಲ್ಲದ ವಾಸನೆ ಮಾತ್ರ ಬಂತು. ಅಷ್ಟರಲ್ಲಿ ಲಾಲಿ ಒಳಗೆ ನುಗ್ಗಿ ಕಿಟಕಿಯ ಮರದ ಕದ ಮುಚ್ಚಿದಳು, ಅದರ ಮೇಲೆ ದಪ್ಪ ಪರದೆ ಎಳೆದಳು, ಆಮೇಲೆ ಬತ್ತಿಯನ್ನು ಕಂಡು ಬಾಯಿಗೆ ಸೆರಗಿನಂತೆ ಏಪ್ರನ್ ಅಡ್ಡ ಹಿಡಿದು ನಕ್ಕಳು. ಸುಟ್ಟ ತುದಿ ಮುರಿದು ಎಸೆದು, ಉಳಿದದ್ದರಲ್ಲಿ ಒಂದು ಚೂರು ನನ್ನ ಬಾಯಿಗಿಟ್ಟಳು. ದಾರಕ್ಕೆ ಅಕ್ರೋಟು ಪೋಣಿಸಿ, ದ್ರಾಕ್ಷಿ ರಸದಲ್ಲಿ ಅದ್ದಿ ಒಣಗಿಸಿದ ಸಿಹಿ ಅದು. ಮೆತ್ತಗೆ, ಚೆನ್ನಾಗಿತ್ತು.

ಎರಡನೆಯ ನಿಯಮ ಮರುದಿನ ತಿಳಿಯಿತು. ಹಗಲು ಸದ್ದು ಮಾಡುವ ಹಾಗಿಲ್ಲ. ರಾತ್ರಿಯೆಲ್ಲ ಗುಮ್ಮಟದಲ್ಲಿ ಇದ್ದವರು ಬೆಳಕು ಹರಿಯುವಾಗ ಬಂದು ಮಲಗುತ್ತಾರೆ. ಚಳಿಗಾಲದ ರಾತ್ರಿ ದೊಡ್ಡದು, ಹಾಗಾಗಿ ನಿದ್ದೆಯೂ ದೊಡ್ಡದು. ಮೆಟ್ಟಿಲ ಅಂಚಿನಲ್ಲಿ ಕಾಲಿಟ್ಟು ನಡೆಯಬೇಕು, ನಡುವೆ ಇಟ್ಟರೆ ಕಿರುಗುಡುತ್ತದೆ. ತಟ್ಟೆಗಳ ನಡುವೆ ಬಟ್ಟೆ ಇಡಬೇಕು. ಮಾತೆಲ್ಲ ಪಿಸುಮಾತು. ಲಾಲಿಗಂತೂ ಅದು ಎಷ್ಟು ರೂಢಿಯೆಂದರೆ ಹೊರಗೆ ಹಿಮದಲ್ಲಿ ನಿಂತಾಗಲೂ ಪಿಸುಗುಡುತ್ತಿದ್ದಳು.

ಇವರು ನಸುಕಿನಲ್ಲಿ ಬರುವರು. ಮಂಜುಗಡ್ಡೆಯಂಥ ಕೈಗಳನ್ನು ಕಂಬಳಿಯೊಳಗೆ ಎಳೆದುಕೊಂಡು, "ಎದ್ದೇನ? ಮಲಕೋ ಇನ್ನೂ," ಅನ್ನುವರು. ಅನ್ನುತ್ತಲೇ ನಿದ್ದೆ. ನನಗೆ ಆಗ ಎಚ್ಚರ. ಹಾಸಿಗೆ ಒಂದೇ, ಪಾಳಿ ಎರಡು. ಕಾರ್ಖಾನೆಯಲ್ಲಿದ್ದಾಗಲೂ ರಾತ್ರಿ ಪಾಳಿ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಕುಷಾಯಿಗೂಡದಲ್ಲಿ ಇವರು ಮಲಗಿದ್ದರೆ ಓಣಿ ಎದ್ದಿರುತ್ತಿತ್ತು. ನೀರಿನ ಟ್ಯಾಂಕರು, ತರಕಾರಿ ಗಾಡಿಯವನ ಮೈಕು, ಪಕ್ಕದ ಮನೆಯ ರಮಾದೇವಿ ಗೋಡೆಯಾಚೆಯಿಂದ ತೆಲುಗಿನಲ್ಲಿ ಬೈಯುವುದು, ಯಾವುದಾದರೊಂದು ನನ್ನ ಜೊತೆಗಿರುತ್ತಿತ್ತು. ಇಲ್ಲಿ ಕಿಟಕಿಯಲ್ಲಿ ಹಿಮ, ದೇವದಾರು ಮರ, ಕೆಳಗೆ ಮೋಡ. ನೋಡಲು ಚೆಂದವೇ. ಎಷ್ಟು ಹೊತ್ತು ನೋಡುವುದು? ಮೂರನೆಯ ಹಗಲಿಗೆ ನಾನು ಫ್ರಿಜ್ಜಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ, ಆ ಮನೆಯಲ್ಲಿ ಗುಂಯ್ ಎನ್ನುತ್ತಿದ್ದದ್ದು ಅದೊಂದೇ. ಅಲ್ಲಿ ಕೂತು ಒಮ್ಮೆ ಅತ್ತೂಬಿಟ್ಟೆ, ಮೂಗು ಒರೆಸಿಕೊಳ್ಳುವ ಸದ್ದು ಕೇಳದ ಹಾಗೆ.

ಸಂಜೆಗೆ ಮಾತ್ರ ಮನೆ ಏಳುತ್ತಿತ್ತು. ನಮಗೆ ದೀಪ ಹಚ್ಚುವ ಹೊತ್ತು, ಅವರಿಗೆ ಬೆಳಗಿನ ತಿಂಡಿ. ಉದ್ದ ಮೇಜಿನ ಸುತ್ತ ಖಗೋಳದವರೆಲ್ಲ ಕೂತು ಗಲಗಲ ಮಾತಾಡುವರು. ಅವರ ಮುಖ್ಯಸ್ಥ ಗಿಯಾ, ಬಿಳಿ ಗಡ್ಡದ ದೊಡ್ಡ ಆಳು, ಇವರ ಬೆನ್ನಿಗೆ ಗುದ್ದಿ "ಶಿವಾ" ಎಂದು ಕರೆಯುವನು. ಇವರು ಮುರುಕು ಜಾರ್ಜಿಯನ್ನಿನಲ್ಲಿ ಏನೋ ಹೇಳುವರು, ಮೇಜು ಮೇಜೇ ನಗುವುದು. ನನ್ನ ಗಂಡ ನಾಲ್ಕು ಜನರನ್ನು ನಗಿಸಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಖುಷಿಪಡಬೇಕಿತ್ತು, ಹೊಟ್ಟೆಕಿಚ್ಚಾಯಿತು. ತಿಂಡಿ ಮುಗಿದೊಡನೆ ಎಲ್ಲರೂ ಕೋಟು ಹಾಕಿಕೊಂಡು ಗುಮ್ಮಟಕ್ಕೆ ಹೋಗಿಬಿಡುವರು. ಲಾಲಿ ಕಿಟಕಿಗಳನ್ನು ಮುಚ್ಚಿ ತನ್ನ ಊರಿಗಿಳಿಯುವಳು. ಉಳಿಯುವುದು ನಾನು, ಫ್ರಿಜ್ಜು.

ಗಾಳಿ ಬೀಸಿದ ದಿನ

ಒಂದು ಹಗಲು ಹೊರಗೆ ಗಾಳಿ ಜೋರಾಗಿತ್ತು. ಲಾಲಿ ಸಾಮಾನು ತರಲು ಕೆಳಗೆ ಹೋಗಿದ್ದಳು. ಇವರು ಎದ್ದಾಗ ಬಿಸಿ ರೊಟ್ಟಿ ಹಾಕಿಕೊಡಬೇಕು ಅನಿಸಿತು. ಅದು ನೆಪ, ನಿಜ ಹೇಳಬೇಕೆಂದರೆ ನನ್ನ ಕೈಗೆ ಕೆಲಸ ಬೇಕಾಗಿತ್ತು. ಅಡುಗೆಮನೆಯ ಬಾಗಿಲು ಮುಚ್ಚಿ, ಸಂದಿಗೆ ಟವೆಲು ತುರುಕಿದೆ. ನೀರು ಕುದಿಸಿ ಹಿಟ್ಟು ನಾದಿದೆ.

ಬೇರೆ ಅಡುಗೆಯನ್ನು ಸದ್ದಿಲ್ಲದೆ ಮಾಡಬಹುದು. ಜೋಳದ ರೊಟ್ಟಿ ಹಾಗಲ್ಲ. ಲಟ್ಟಿಸಿದರೆ ಅದು ಒಡೆದುಹೋಗುತ್ತದೆ, ಅಂಗೈಯಿಂದ ಬಡಿದೇ ಅದನ್ನು ಅಗಲ ಮಾಡಬೇಕು. ಮೆತ್ತಗೆ ಬಡಿಯುತ್ತೇನೆ ಎಂದೇ ಶುರುಮಾಡಿದೆ, ಆದರೆ ಕೈ ನನ್ನ ಮಾತು ಕೇಳಿದ್ದು ಮೊದಲ ರೊಟ್ಟಿಗೆ ಮಾತ್ರ. ಎರಡನೆಯದಕ್ಕೆ ಲಯ ಸಿಕ್ಕಿತು. ಆ ಸದ್ದು ಕಿವಿಗೆ ಬಿದ್ದದ್ದೇ ನನಗೆ ಶೆಡ್ಡಿನಲ್ಲಿ ಕೂತಂತೆ, ಎದುರಿಗೆ ಶಾಂತಮ್ಮ ಇದ್ದಂತೆ ಆಯಿತು. ಎಷ್ಟೋ ದಿನಕ್ಕೆ ಮೈಯಲ್ಲಿ ಬಿಸಿ ಹರಿಯಿತು. ಮರದ ಮೇಜು, ಮರದ ಗೋಡೆ, ಮರದ ನೆಲ ಎಂಬುದು ನನಗೆ ಮರೆತೇಹೋಯಿತು.

ಮಹಡಿಯಲ್ಲಿ ಧಡಧಡ ಬಾಗಿಲು ತೆರೆದವು. ಯಾರೋ ಕೂಗಿದರು. ಮೆಟ್ಟಿಲ ಅಂಚು, ನಡು ಯಾವುದನ್ನೂ ನೋಡದೆ ಜನ ಇಳಿದು ಹೊರಗೋಡಿದರು. ಕಿಟಕಿಯಲ್ಲಿ ನೋಡಿದರೆ ಗಿಯಾ ಪಾಯಿಜಾಮದ ಮೇಲೆ ಕೋಟು ಹಾಕಿ ಹಿಮದಲ್ಲಿ ಓಡುತ್ತಿದ್ದ, ಅವನ ಹಿಂದೆ ಕಂಬಳಿ ಹೊದ್ದು ನಮ್ಮವರು. ಇಬ್ಬರೂ ಗುಮ್ಮಟದ ಸುತ್ತ ತಲೆಯೆತ್ತಿ ನೋಡುತ್ತ ತಿರುಗಿದರು. ಒಳಗೆ ಹೋದರು, ಹೊರಗೆ ಬಂದರು, ಮತ್ತೆ ತಿರುಗಿದರು. ಅದೇನು ಅವಘಡವೋ ನನಗೆ ತಿಳಿಯಲಿಲ್ಲ. ಗಂಡಸರ ಕೆಲಸ ಅವರು ನೋಡಿಕೊಳ್ಳಲಿ, ಹೆಂಚಿನ ಮೇಲಿನ ರೊಟ್ಟಿ ಸುಡಬಾರದು ಎಂದು ಮತ್ತೊಂದನ್ನು ಬಡಿಯತೊಡಗಿದೆ.

ಅಡುಗೆಮನೆಯ ಬಾಗಿಲು ತೆರೆಯಿತು. ಗಿಯಾ ನನ್ನ ಕೈ ನೋಡಿದ, ಮೇಜು ನೋಡಿದ, ರೊಟ್ಟಿಗಳ ಪುಟ್ಟ ಗುಡ್ಡ ನೋಡಿದ. ಗಡ್ಡದಲ್ಲಿದ್ದ ಹಿಮ ಕರಗಿ ತೊಟ್ಟಿಕ್ಕುತ್ತಿತ್ತು. ಬೈಯುತ್ತಾನೆ ಎಂದುಕೊಂಡೆ. ಅವನು ಕುರ್ಚಿಯ ಮೇಲೆ ಧೊಪ್ಪನೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆಮೇಲೆ ಒಂದು ರೊಟ್ಟಿ ಎತ್ತಿಕೊಂಡು ತಿನ್ನುತ್ತ ಮಲಗಲು ಹೋದ.

ಇವರು ಬಾಗಿಲಲ್ಲೇ ನಿಂತಿದ್ದರು. "ಗುಮ್ಮಟದ ಕದ ಸಡಲಾಗಿ ಗಾಳಿಗೆ ಬಡ್ಕೊಳ್ಳಾಕತ್ತೈತಿ ಅಂತ ತಿಳಿದ್ವಿ," ಎಂದರು. "ಹಂಗ ಆದ್ರ ಹಿಮ ಒಳಗ ಹೋಗಿ ದುರ್ಬೀನಿನ ಕನ್ನಡಿ ಹಾಳಾಗ್ತೈತಿ."

"ರೊಟ್ಟಿ ಸಪ್ಪಳ ಅಂತ ನಿಮಗ ಗೊತ್ತಾಗಲಿಲ್ಲೇನ್ರಿ?"

ಇವರು ಸುಳ್ಳು ಹೇಳುವ ಮನುಷ್ಯನಲ್ಲ. "ಇಲ್ಲ. ಗುಮ್ಮಟದ್ದ ಅನಿಸ್ತು," ಎಂದರು.

ಕುಷಾಯಿಗೂಡದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ದಿನಗಳಲ್ಲಿ ಇವರು ಇದೇ ಸದ್ದಿನ ನಡುವೆ ಕೂಸಿನ ಹಾಗೆ ಮಲಗುತ್ತಿದ್ದರು. ಹಬ್ಬಕ್ಕೆ ಶೆಡ್ಡು ಮುಚ್ಚಿದರೆ, ಸದ್ದಿಲ್ಲದೆ ನಿದ್ದೆ ಬರುವುದಿಲ್ಲ ಎಂದು ಎದ್ದು ಬರುತ್ತಿದ್ದರು. ಮದುವೆಯಾದಾಗಿನಿಂದ ಕೇಳಿದ ಸದ್ದು ಇವರ ಕಿವಿಯಿಂದ ಹೋಗಿತ್ತು, ಅದರ ಜಾಗದಲ್ಲಿ ಗುಮ್ಮಟ ಬಂದು ಕೂತಿತ್ತು. ಸವತಿ ಬಂದಿದ್ದರೆ ಜುಟ್ಟು ಹಿಡಿದು ಜಗಳವಾಡಬಹುದಿತ್ತು. ಇದರ ಹತ್ತಿರ ಏನೆಂದು ಜಗಳವಾಡುವುದು? ಇವರು ಎರಡು ರೊಟ್ಟಿ ತಿಂದು, "ಭಾಳ ಚಲೋ ಆಗ್ಯಾವ," ಎಂದು ಮಲಗಲು ಹೋದರು. ನಾನು ಉಳಿದ ಹಿಟ್ಟನ್ನು ಒದ್ದೆ ಬಟ್ಟೆ ಮುಚ್ಚಿಟ್ಟೆ.

ಲಾಲಿಯ ಮನೆ

ಸುದ್ದಿ ಕೇಳಿದ ಲಾಲಿ ಮರುದಿನ ನನ್ನನ್ನೂ ಹಿಟ್ಟಿನ ಪೊಟ್ಟಣವನ್ನೂ ಸಾಮಾನಿನ ಜೀಪಿಗೆ ಹತ್ತಿಸಿದಳು. ಅವಳ ಮನೆ ಬೆಟ್ಟದ ಬುಡದ ಊರಿನಲ್ಲಿ. ಹಿತ್ತಲಲ್ಲಿ ನೆಲದಿಂದೆದ್ದ ದೊಡ್ಡ ಮಣ್ಣಿನ ಒಲೆ, ನಮ್ಮ ಹಳೇ ಪಟ್ಟಣದ ನಾನ್ ಅಂಗಡಿಯದರಂತೆ. ಓಣಿಯ ಹೆಂಗಸರು ಅಲ್ಲಿಗೆ ಬಂದು ಸೇರಿ ಬ್ರೆಡ್ಡು ಸುಡುತ್ತಾರೆ. ನಾದಿದ ಹಿಟ್ಟನ್ನು ಉದ್ದಕ್ಕೆ ಎಳೆದು, ಒಲೆಯೊಳಕ್ಕೆ ಅರ್ಧ ಮೈ ಬಗ್ಗಿ, ಗೋಡೆಗೆ ಫಟ್ಟನೆ ಹೊಡೆಯುತ್ತಾರೆ. ಆ ಫಟ್ ಸದ್ದು ಕೇಳಿದ್ದೇ ನಾನು ನನ್ನ ಹಿಟ್ಟಿನ ಪೊಟ್ಟಣ ಬಿಚ್ಚಿದೆ. ಲಾಲಿಗೆ ನಿಜವಾದ ದನಿ ಇರುವುದೂ ಅಲ್ಲೇ ಗೊತ್ತಾದದ್ದು. ತನ್ನ ಅಂಗಳದಲ್ಲಿ ಅವಳು ನನಗಿಂತ ಜೋರಾಗಿ ಕೂಗುತ್ತಿದ್ದಳು.

ನಾನು ಬಡಿದೆ, ಅವರು ಹೊಡೆದರು. ನಾನು ತಂದ ಶೇಂಗಾ ಚಟ್ನಿಯನ್ನು ಅವರು ನೆಕ್ಕಿ ನೋಡಿ, ಅಕ್ರೋಟು, ಬೆಳ್ಳುಳ್ಳಿ ಅರೆದ ತಮ್ಮ ಚಟ್ನಿಯನ್ನು ಪಕ್ಕದಲ್ಲಿಟ್ಟರು. ಒಬ್ಬಳು ಅಜ್ಜಿ ರೊಟ್ಟಿಯೊಳಗೆ ಉಪ್ಪು ಚೀಸು ಸುತ್ತಿ ತಿಂದು ಇನ್ನೊಂದಕ್ಕೆ ಕೈಚಾಚಿದಳು.

ಗೋಡೆಯ ಮೇಲೆ ಗಂಡಸೊಬ್ಬನ ಫೋಟೋ ಇತ್ತು. ಹಾರ ಇರಲಿಲ್ಲ. ಯಾರು ಎಂದು ಕಣ್ಣಲ್ಲೇ ಕೇಳಿದೆ. ಲಾಲಿ ಫೋನಿಗೆ ಏನೋ ಹೇಳಿದಳು, ಫೋನು ಅದನ್ನು ಹಿಂದಿಯಲ್ಲಿ, ರೈಲ್ವೆ ಸ್ಟೇಷನ್ನಿನ ಪ್ರಕಟಣೆಯ ಧಾಟಿಯಲ್ಲಿ ಒದರಿತು. ಗಂಡನಂತೆ. ಪೋಲೆಂಡಿನಲ್ಲಿ ಲಾರಿ ಓಡಿಸುತ್ತಾನಂತೆ, ಬಹಳ ವರ್ಷವಾಯಿತಂತೆ. ನೀನು ಯಾಕೆ ಹೋಗಲಿಲ್ಲ ಎಂದು ನಾನು ಫೋನಿಗೆ ಹೇಳಿದೆ. ಅವಳು ಒಲೆಯತ್ತ ಕೈ ಮಾಡಿದಳು, ಹೆಂಗಸರತ್ತ ಕೈ ಮಾಡಿದಳು.

"ಮತ್ತ ಹ್ಯಾಂಗ ಇರ್ತೀ ಒಬ್ಬಾಕೀನ?" ಎಂದು ಕನ್ನಡದಲ್ಲೇ ಕೇಳಿಬಿಟ್ಟೆ. ಅವಳಿಗೆ ಅರ್ಥವಾಗಿರಬೇಕು. ಭುಜ ಎತ್ತಿ ಇಳಿಸಿದಳು. ನಗಲಿಲ್ಲ, ಅಳಲೂ ಇಲ್ಲ. ಹಾಗೆ ಇರುವುದು ಸುಲಭ ಎಂದು ಅವಳ ಮುಖ ಹೇಳಲಿಲ್ಲ.

ಗುಮ್ಮಟ

ನಾನು ಹೊರಡುವ ಹಿಂದಿನ ಸಂಜೆ ಇವರು ನನ್ನನ್ನು ಗುಮ್ಮಟಕ್ಕೆ ಕರೆದುಕೊಂಡು ಹೋದರು. ಬೆಳಕಿರುವಾಗಲೇ ಅದರ ಕದ ತೆರೆದಿಡಬೇಕಂತೆ. ಒಳಗಿನ ಗಾಳಿಯೂ ಹೊರಗಿನ ಗಾಳಿಯೂ ಒಂದೇ ಸಮ ತಣ್ಣಗಾಗದಿದ್ದರೆ ನಕ್ಷತ್ರ ನಡುಗುತ್ತದಂತೆ. ಅಷ್ಟು ದೊಡ್ಡ ಕದ ಗುಡುಗುತ್ತ ಸರಿಯಿತು, ಮೇಲಿನಿಂದ ಆಕಾಶದ ಒಂದು ಪಟ್ಟಿ ನಮ್ಮ ತಲೆಯ ಮೇಲೆ ಬಂತು. ನಾನು ಶಾಲು ಬಿಗಿದುಕೊಂಡೆ.

ದುರ್ಬೀನು ಎಂದರೆ ನಳಿಗೆ ಎಂದುಕೊಂಡಿದ್ದೆ. ಅದು ನಮ್ಮ ಮನೆಗಿಂತ ಎತ್ತರದ ಕಬ್ಬಿಣದ ಪಂಜರ. ಇವರು ಏನೋ ಒತ್ತಿದರು, ಅದು ನಿಧಾನಕ್ಕೆ ವಾಲಿತು. ಇವರು ಅದರ ಬುಡದ ಪೆಟ್ಟಿಗೆಯೊಂದರ ಮೇಲೆ ಅಂಗೈಯಿಟ್ಟು, "ಕೇಳು," ಎಂದರು.

ಕಿವಿಗೊಟ್ಟೆ. "ಏನೂ ಕೇಳವಲ್ದು."

"ಅದ ಮತ್ತ. ಏನೂ ಕೇಳಬಾರ್ದು. ನಾ ಬಂದಾಗ ಟಕ್ ಟಕ್ ಅಂತಿತ್ತು. ಟಕ್ ಅಂದಾಗೊಮ್ಮೆ ನಕ್ಷತ್ರ ತಪ್ಪತಿತ್ತು. ಈಗ ರಾತ್ರಿಪೂರ್ತಿ ಬಿಟ್ರೂ ತಪ್ಪಂಗಿಲ್ಲ."

ಹೇಳುವಾಗ ಇವರ ಮುಖ ನೋಡಿದೆ. ಮದುವೆಯ ಹೊಸತರಲ್ಲಿ, ತಾವು ಮಾಡಿದ ಮೊದಲ ಆಂಟೆನಾ ತಿರುಗಿತು ಎಂದು ಊಟ ಬಿಟ್ಟು ಹೇಳಿದ ದಿನ ಹೀಗಿತ್ತು ಆ ಮುಖ. ಕಾರ್ಖಾನೆಯ ಕೊನೆಯ ವರ್ಷಗಳಲ್ಲಿ ಅದನ್ನು ನಾನು ನೋಡಿರಲಿಲ್ಲ, ಟಿ.ವಿ. ಮುಂದೆ ಕೂತಾಗಲಂತೂ ಇಲ್ಲವೇ ಇಲ್ಲ. ಇವರನ್ನು ಇಲ್ಲಿಂದ ಎತ್ತಿಕೊಂಡು ಹೋದರೆ ಪಾಪ ಬರುತ್ತದೆ ಅನಿಸಿತು. ನಾನು ಇಲ್ಲಿ ಉಳಿದರೆ ಸತ್ತುಹೋಗುತ್ತೇನೆ ಎಂದೂ ಅಷ್ಟೇ ಗಟ್ಟಿಯಾಗಿ ಅನಿಸಿತು.

"ನಾಳೆ ಅವರಿಗೆ ಹೇಳಬೇಕು," ಎಂದರು. ನನ್ನ ಕಡೆ ನೋಡದೆ ಪೆಟ್ಟಿಗೆಯ ಧೂಳು ಒರೆಸುತ್ತಿದ್ದರು. "ಏನಂತೀ?"

"ನಾ ಇಲ್ಲಿ ಇರೂದಿಲ್ರಿ."

ತಲೆಯಾಡಿಸಿದರು. ಮೊದಲೇ ಗೊತ್ತಿತ್ತೇನೋ. "ಆತು. ಹಂಗಾರ ಕೆಲಸ ಒಪ್ಪಿಸಿ ಯುಗಾದಿ ಒಳಗ ನಾನೂ ಬರ್ತೀನಿ."

"ನೀವು ಬರಬ್ಯಾಡ್ರಿ."

ಒರೆಸುವ ಕೈ ನಿಂತಿತು. "ಸಿಟ್ಟಿಲೆ ಅನ್ನಾಕತ್ತೀ?"

"ಇಲ್ರಿ. ಅಲ್ಲಿ ಬಂದು ಏನ್ ಮಾಡ್ತೀರಿ? ನನ್ನ ಸಲುವಾಗಿ ನೀವು ಟಿ.ವಿ. ನೋಡ್ಕೋತ ಕೂಡೂದು ಬ್ಯಾಡ. ನಿಮ್ಮ ಸಲುವಾಗಿ ನಾ ಇಲ್ಲಿ ಬಾಯಿ ಮುಚ್ಚಿಕೊಂಡು ಕೂಡೂದೂ ಬ್ಯಾಡ. ಒಬ್ಬರಿಗೊಬ್ಬರು ಬೈಕೋತ ಸಾಯ್ತೀವಿ."

"ಮಂದಿ ಏನಂದಾರು?"

"ಮಂದಿ ಬಾಯಿಗೆ ರೊಟ್ಟಿ ಕೊಡ್ತೀನಿ. ಸುಮ್ಮಕಾಗ್ತಾರ."

ಇವರಿಗೆ ನಗು ಬಂತು, ಅರ್ಧಕ್ಕೇ ನಿಂತಿತು. ಮೇಲಿನ ಆಕಾಶ ಕಪ್ಪಾಗುತ್ತಿತ್ತು. "ಎರಡು ವರ್ಷ ಭಾಳ ಆಗ್ತಾವ ಕಸ್ತೂರಿ," ಎಂದರು. ಇವರು ನನ್ನ ಹೆಸರು ಹಿಡಿದು ಕರೆಯುವುದು ಅಪರೂಪ.

"ಆಗ್ತಾವ," ಎಂದೆ.

ಅಷ್ಟರಲ್ಲಿ ಗಿಯಾ ಬಂದು ಒಳಗಿನ ದೀಪ ಆರಿಸಿದ. ಇನ್ನು ಅಲ್ಲಿ ಬ್ಯಾಟರಿ ಹೊತ್ತಿಸುವ ಹಾಗೂ ಇಲ್ಲ. ಇವರು ನನ್ನ ಕೈ ಹಿಡಿದು ಕಬ್ಬಿಣದ ಮೆಟ್ಟಿಲಿಳಿಸಿದರು. ಕತ್ತಲಲ್ಲಿ ಇವರಿಗೆ ಕಾಲೂರುವ ಜಾಗವೆಲ್ಲ ಗೊತ್ತಿತ್ತು, ನನಗೆ ಇವರ ಕೈಯೊಂದೇ. ಆಡಿದ ಮಾತು ವಾಪಸು ತೆಗೆದುಕೊಳ್ಳೋಣವೆಂದು ದಾರಿಯಲ್ಲಿ ಎರಡು ಸಲ ಬಾಯಿ ತೆರೆದೆ. ಮನೆಯ ಬಾಗಿಲು ಬಂತು. ಗುಮ್ಮಟದಿಂದ ಗಿಯಾ "ಶಿವಾ" ಎಂದು ಕೂಗಿದ. ಇವರು ನನ್ನ ಕೈಯನ್ನು ಬಾಗಿಲ ಹಿಡಿಯ ಮೇಲಿಟ್ಟು, ಬಂದ ದಾರಿಯಲ್ಲೇ ಹೋದರು.

ಶಂಷಾಬಾದ್

ವಿಮಾನ ಹೈದರಾಬಾದಿನಲ್ಲಿ ಇಳಿದಾಗ ಬೆಳಗಾಗಿತ್ತು. ಶಾಂತಮ್ಮ ತನ್ನ ಅಳಿಯನ ಟ್ಯಾಕ್ಸಿಯಲ್ಲಿ ಬಂದಿದ್ದಳು. ಕಾರು ನಿಲ್ದಾಣದ ಗೇಟು ದಾಟುವುದರೊಳಗೆ ಯಾವ ಖಾನಾವಳಿಯವನು ಜಗಳ ತೆಗೆದ, ಯಾರ ಸೊಸೆ ಹಡೆದಳು, ಯಾವ ಬರ್ನರು ಕೆಟ್ಟಿತು ಎಲ್ಲ ಹೇಳಿ ಮುಗಿಸಿದಳು. ಹೊರಗೆ ಹಾರ್ನುಗಳು, ಒಳಗೆ ಅಳಿಯನ ರೇಡಿಯೋ. ಅಷ್ಟು ಸದ್ದನ್ನು ನಾನು ಬೆಟ್ಟದ ಮೇಲೆ ದಿನಾ ಹಂಬಲಿಸಿದ್ದೆ. ಈಗ ಅದರ ನಡುವೆ ಕೂತಾಗ, ನನ್ನ ಪಕ್ಕದ ಸೀಟು ಮಾತ್ರ ಕಣ್ಣಿಗೆ ಬೀಳುತ್ತಿತ್ತು.

ಶಾಂತಮ್ಮ ಮುಂದಿನ ಸೀಟಿನಿಂದ ತಿರುಗಿ ಕೇಳಿದಳು. "ಅಕ್ಕಾರ, ಸಾಹೇಬ್ರು ಯಾವಾಗ ಬರ್ತಾರ್ರಿ?"

"ಎರಡು ವರ್ಷ ಆಗ್ತೈತಿ."

"ಮತ್ತ ನೀವು?"

"ನಾ ಇಲ್ಲೇ."

ಅವಳು ನನ್ನ ಮುಖ ನೋಡಿ, ಅಳಿಯನಿಗೆ ರೇಡಿಯೋ ಸಣ್ಣ ಮಾಡಲು ಹೇಳಿದಳು. ಸ್ವಲ್ಪ ದೂರ ಹೋದ ಮೇಲೆ ಮೆಲ್ಲಗೆ, "ಮುಟ್ಟೀನಿ ಅಂತ ಒಂದು ಫೋನರ ಹಚ್ರಿ. ದಾರಿ ನೋಡ್ತಿರ್ತಾರ," ಎಂದಳು.

ಫೋನು ತೆಗೆದೆ. ಇವರ ಹೆಸರೂ ಬಂತು. ಅಲ್ಲಿ ಈಗ ನಸುಕು ಹರಿದಿರಬೇಕು. ಕೋಟು ಕಳಚಿ, ಪರದೆ ಎಳೆದು, ತಣ್ಣನೆ ಕೈಗಳನ್ನು ಕಂಬಳಿಯೊಳಗೆ ಸೇರಿಸಿ, ಆಗಷ್ಟೇ ಕಣ್ಣು ಮುಚ್ಚಿರಬೇಕು. ಫೋನನ್ನು ಚೀಲದೊಳಗೆ ಹಾಕಿದೆ.

"ಈಗ ಮಲಗಿರ್ತಾರ. ಸಂಜಿಗೆ ಹಚ್ತೀನಿ," ಎಂದೆ.

"ಹಗಲೊತ್ತಿನಾಗ ಮಲಗ್ತಾರೇನ್ರಿ?"

ಹೂಂ ಎಂದೆ. ಇನ್ನೆರಡು ವರ್ಷ ನಾನು ಎದ್ದಾಗಲೆಲ್ಲ ಇವರು ಮಲಗಿರುತ್ತಾರೆ ಎಂದು ಅವಳಿಗೆ ಹೇಳಲಿಲ್ಲ.